ಅಜ್ಜನ ಬಂದೂಕಿನ ಹಿಡಿ

ಚುನಾವಣೆಗೆಂದು ಠಾಣೆಯಲ್ಲಿ ಜಮೆಯಾಗಿದ್ದ ಅಜ್ಜನ ಬೇಟೆ ಬಂದೂಕನ್ನು ಸೋದರಮಾವ ನಿನ್ನೆ ಬೀದರಿನ ಮನೆಗೆ ಮರಳಿ ತಂದು ಒರೆಸುತ್ತಿದ್ದಾಗ, ಹೆಗಲಿಗೆ ಆನಿಸುವ ಅದರ ಮರದ ಹಿಡಿಯನ್ನು ಮೊದಲ ಬಾರಿಗೆ ಹತ್ತಿರದಿಂದ ನೋಡಿದೆ. ಅದು ಅಮೆರಿಕದ ವಿಂಚೆಸ್ಟರ್ ಕಂಪನಿಯ ಮಾಡೆಲ್ 70 ರೈಫಲ್, 1964ಕ್ಕೂ ಮುಂಚಿನದು, ಹಳೆಯ ಬಂದೂಕುಗಳ ಸಂಗ್ರಾಹಕರು ಹುಡುಕಿಕೊಂಡು ಬರುವಂಥದ್ದು. ಆದರೆ ಅಜ್ಜ ತಮ್ಮ ಗಿಡ್ಡ ತೋಳಿಗೆ ಹೊಂದಲೆಂದು ಅಕ್ರೋಟ್ ಮರದ ಹಿಡಿಯನ್ನು ಒಂದೂವರೆ ಅಂಗುಲ ಕೊಯ್ಯಿಸಿ, ತುದಿಗೆ ಕೆಂಪು ರಬ್ಬರ್ ಕೂಡಿಸಿದ್ದಾರೆ. ಮುಷ್ಟಿ ಹಿಡಿಯುವಲ್ಲಿನ ಚೌಕಳಿ ಗೆರೆಗಳು ಯಾವನೋ ಬಡಗಿಯ ಪಾಲಿಶ್ ಪೇಪರಿಗೆ ಸವೆದು, ವಾರ್ನಿಷ್ ತುಂಬಿಕೊಂಡು ಮಂಕಾಗಿವೆ. ಬದಲಿಸಿದ ತಿರುಪನ್ನು ಮತ್ತೆ ಬದಲಿಸಬಹುದು, ಕೊಯ್ದ ಮರವನ್ನು ಬೆಸೆಯಲಾಗದು. ಆದ್ದರಿಂದಲೇ ನಳಿಗೆ ಎಷ್ಟೇ ಚೊಕ್ಕವಿದ್ದರೂ ಇಂಥ ಬಂದೂಕಿನ ಬೆಲೆ ಬೀಳುತ್ತದೆ. ಹಾಗೆಯೇ, ಅದೇ ಅದರ ಅಂದವೆಂದು ತಿಳಿಯದೆ ಹಳೆಯ ಬಿದರಿ ಹೂಜಿಯ ಕಪ್ಪನ್ನು ತಿಕ್ಕಿ ಕಳೆಯುವವರೂ ನಮ್ಮ ಓಣಿಯಲ್ಲಿದ್ದಾರೆನ್ನಿ. ಇದನ್ನೆಲ್ಲ ಹೇಳಿದ್ದಕ್ಕೆ ಮಾವ, “ನಮ್ಮಪ್ಪನ ತೋಳಿನ ಅಳತಿ ಇದರಾಗ ಅದ, ಬಿಡು” ಎಂದು ಬೀರುವಿಗೆ ಕೀಲಿ ಹಾಕಿದರು.