ಮೈದನಹಳ್ಳಿಗೆ ಕ್ಯಾಮೆರಾ ಹಿಡಿದು ಹೋಗುವವರಿಗೆ

ಕೃಷ್ಣಮೃಗದ ಫೋಟೊ ತೆಗೆಯೋಕೆ ಅಂತ ಬೆಳಗ್ಗೆ ಐದು ಗಂಟೆಗೆ ಬ್ಯಾಗು ಹೆಗಲಿಗೇರಿಸಿ ಕೆಳಗಿಳಿದು ಬಂದರೆ ಮಧುಗಿರಿಯ ಲಾಡ್ಜಿನ ಶಟರ್‌ಗೆ ಬೀಗ. ರಾತ್ರಿ ರೂಮು ಕೊಡುವಾಗ "ನಾಲ್ಕು ಗಂಟೆಗೆ ಬೇಕಾದ್ರೂ ಹೊರಡಿ ಸಾರ್, ಹುಡುಗ ಇಲ್ಲೇ ಮಲಗಿರ್ತಾನೆ" ಅಂದಿದ್ದರು. ಹುಡುಗ ಇರಲಿಲ್ಲ. ಬೀಗದ ಕೈ ಅವನ ಹತ್ತಿರ. ಫೋನು ಮಾಡಿದರೆ ಯಾರೂ ಎತ್ತಲಿಲ್ಲ. ಶಟರ್ ಬಡಿದೂ ಬಡಿದೂ ಕೈ ನೋವು ಬಂತು. ಅವನು ಬಂದಾಗ ಆರೂ ಮುಕ್ಕಾಲು. ಮಧುಗಿರಿ ಬೆಟ್ಟದ ನೆತ್ತಿಗೆ ಆಗಲೇ ಬಿಸಿಲು ತಾಗಿತ್ತು. ಒಂದು ರಾತ್ರಿಗೆ 1,800 ರೂಪಾಯಿ ತೆಗೆದುಕೊಂಡ ರೂಮು ಅದು. ಬಿಸಿನೀರೂ ಬರಲಿಲ್ಲ, ಅದು ಹೋಗಲಿ. ಆದರೆ ಆ ಬೆಳಗಿನ ಬೆಳಕು ಹೋಯಿತಲ್ಲ, ಅದಕ್ಕೆ ಇವತ್ತಿಗೂ ಹೊಟ್ಟೆ ಉರಿಯುತ್ತದೆ.

ಸಂಕ್ರಾಂತಿ ಕಳೆದ ಮೇಲೆ ನಾನು, ನನ್ನ ತಮ್ಮ ಹೋಗಿದ್ದು ಕೃಷ್ಣಮೃಗ ನೋಡೋಕೆ. ಮಧುಗಿರಿ ತಾಲ್ಲೂಕಿನ ಮೈದನಹಳ್ಳಿ ಹತ್ತಿರ 798 ಎಕರೆ ಹುಲ್ಲುಗಾವಲಿದೆ. ಆಂಧ್ರದ ಗಡಿ ಅಲ್ಲಿಂದ ಹತ್ತಿರವೇ. 2007ರಲ್ಲಿ ಇದನ್ನು ಜಯಮಂಗಲಿ ಕೃಷ್ಣಮೃಗ ಮೀಸಲು ಪ್ರದೇಶ ಅಂತ ಮಾಡಿದರು. ಊರವರು ಸುಮ್ನೆ "ಜಿಂಕೆ ಫಾರೆಸ್ಟು" ಅಂತಾರೆ. ಆದರೆ ಕಾಡು ಅಂದುಕೊಂಡು ಹೋಗಬೇಡಿ. ಬಯಲು, ಹುಲ್ಲು, ಅಲ್ಲಲ್ಲಿ ಒಂದೊಂದು ಮರ, ಅಷ್ಟೇ. ಹಾಗಾಗಿಯೇ ಇಲ್ಲಿ ಬೆಳಕಿನ ವಿಷಯ ಇಷ್ಟು ಮುಖ್ಯ. ನೆರಳು ಕೊಡುವಂಥದ್ದು ಹೆಚ್ಚೇನೂ ಇಲ್ಲ.

ಬಾಡಿಗೆ ಕಾರಿನವರು ಏಳೂವರೆಗೆ ಬಂದರು. ನನ್ನ ಮುಖ ನೋಡಿ ಸಮಾಧಾನ ಹೇಳಿದರು: "ಜಿಂಕೆ ಎಲ್ಲಿಗೆ ಹೋಗ್ತವೆ ಸಾರ್? ಹತ್ತು ಗಂಟೆಗೆ ಹೋದ್ರೂ ಅಲ್ಲೇ ಇರ್ತವೆ." ಅವರ ಮಾತು ನಿಜವೇ. ಜಿಂಕೆಗಳು ಇದ್ದವು. ಮೂವತ್ತಕ್ಕೂ ಜಾಸ್ತಿ ಇದ್ದ ಒಂದು ಹಿಂಡು, ನಡುವೆ ತಿರುಚು ಕೊಂಬಿನ ಎರಡು ಕಪ್ಪು ಗಂಡು. ನಾನು ಇನ್ನೂರು ಫೋಟೊ ತೆಗೆದೆ. ಮನೆಗೆ ಬಂದು ನೋಡಿದರೆ ಒಂದೂ ಇಟ್ಟುಕೊಳ್ಳುವ ಹಾಗಿರಲಿಲ್ಲ. ಮೊದಲು ಲೆನ್ಸ್ ಕೆಟ್ಟಿದೆ ಅಂದುಕೊಂಡೆ. ಕೆಟ್ಟಿರಲಿಲ್ಲ. ಒಂಬತ್ತೂವರೆ ಹೊತ್ತಿಗೆ ನೆಲ ಕಾದು ಗಾಳಿ ಅಲುಗಾಡೋಕೆ ಶುರುವಾಗಿತ್ತು. ದೋಸೆ ಹಂಚಿನ ಮೇಲೆ ಗಾಳಿ ನಡುಗುವುದನ್ನು ನೋಡಿದ್ದೀರಲ್ಲ, ಅದೇ. ದೂರದ ಪ್ರಾಣಿಯನ್ನು ದೊಡ್ಡ ಲೆನ್ಸಿನಲ್ಲಿ ಎಳೆದು ತೆಗೆಯುವಾಗ ಆ ನಡುಗುವ ಗಾಳಿಯನ್ನೂ ಸೇರಿಸಿಯೇ ತೆಗೆಯುತ್ತೇವೆ. ಎಷ್ಟು ದುಬಾರಿ ಲೆನ್ಸ್ ಇದ್ದರೂ, ಸ್ಟ್ಯಾಂಡ್ ಇಟ್ಟರೂ ಇದಕ್ಕೆ ಮದ್ದಿಲ್ಲ. ಬೇಗ ಹೋಗಬೇಕು, ಇಲ್ಲ ಹತ್ತಿರ ಇರಬೇಕು. ಹತ್ತಿರ ಹೋದರೆ ಅವು ಓಡುತ್ತವೆ.

ಬೇಗ ಅಂದರೆ ಎಷ್ಟು ಬೇಗ? ಜನವರಿಯಲ್ಲಿ ಇಲ್ಲಿ ಸೂರ್ಯ ಹುಟ್ಟುವುದು ಹತ್ತಿರ ಹತ್ತಿರ 6:45ಕ್ಕೆ. ಮೇ ಕೊನೆಗೆ ಆರಕ್ಕೂ ಮುಂಚೆ. ಹುಟ್ಟುವ ಹೊತ್ತಿಗೆ ನೀವು ಬಯಲಿನ ಪಕ್ಕ ಇರಬೇಕು. ಮಧುಗಿರಿಯಿಂದ ಮುಕ್ಕಾಲು ಗಂಟೆ ದಾರಿ ಅಂತ ಇಟ್ಟುಕೊಳ್ಳಿ. ಸೂರ್ಯ ಹುಟ್ಟಿದ ಮೇಲೆ, ಮುಳುಗುವ ಮುಂಚೆ ಸಿಗುವ ಹಳದಿ ಬೆಳಕಿನ ಹೊತ್ತಿಗೆ ಫೋಟೊದವರು ಹೇಳುವ ಈ "ಗೋಲ್ಡನ್ ಅವರ್" ಅನ್ನುವ ಮಾತನ್ನು ನಂಬಿ ಒಂದು ಗಂಟೆ ಸಿಗುತ್ತದೆ ಅಂದುಕೊಳ್ಳಬೇಡಿ. ನಮ್ಮ ಕಡೆ ಸೂರ್ಯ ನೆಟ್ಟಗೆ ಮೇಲೇರುತ್ತಾನೆ. ಯೂರೋಪಿನಲ್ಲಿ ಓರೆಯಾಗಿ ನಿಧಾನಕ್ಕೆ ಏರುತ್ತಾನೆ, ಅಲ್ಲಿಯವರಿಗೆ ಆ ಹಳದಿ ಬೆಳಕು ಜಾಸ್ತಿ ಹೊತ್ತು ಸಿಗುತ್ತದೆ. ನಮಗೆ ಸಿಗುವುದು ಅರ್ಧ ಗಂಟೆ. ಆಮೇಲೆ ಇನ್ನೊಂದು ಗಂಟೆ ಪರವಾಗಿಲ್ಲ ಅನ್ನುವ ಬೆಳಕು. ಅಲ್ಲಿಗೆ ಮುಗಿಯಿತು. ಲಾಡ್ಜಿನ ಹುಡುಗ ನನ್ನಿಂದ ಕಿತ್ತುಕೊಂಡಿದ್ದು ಅದನ್ನೇ.

ಹನ್ನೊಂದಕ್ಕೆ ಸಪ್ಪೆ ಮುಖ ಹಾಕಿಕೊಂಡು ಮಧುಗಿರಿಗೆ ವಾಪಸ್ ಬಂದೆವು. ಆ ದಿನದ ಸಿಟ್ಟು ಇಳಿಸಿದ್ದು ಒಂದು ಊಟ. ಬಸ್ ಸ್ಟ್ಯಾಂಡಿನಿಂದ ಸ್ವಲ್ಪ ಒಳಗೆ, ಶೀಟು ಹೊದಿಸಿದ ಜಾಗ, ನಾಲ್ಕು ಬೆಂಚು, ಬೋರ್ಡೂ ಇಲ್ಲ. ಒಬ್ಬರು ಅಮ್ಮ, ಅವರ ಸೊಸೆ, ಇಬ್ಬರೇ. ಒಳಗೆ ಕಾಲಿಡುವ ಮುಂಚೆಯೇ ಸೊಗಡವರೆ ವಾಸನೆ ಬಂತು. ಅವರೆಕಾಯಿ ಕಾಲ ಅಲ್ವಾ! ಹಿಂದಿನ ರಾತ್ರಿ ನೆನೆಹಾಕಿ, ಬೆಳಗ್ಗೆ ಕೂತು ಒಂದೊಂದೇ ಹಿತುಕಿದ ಬೇಳೆ. ಸಾರಿಗೆ ಕಾಯಿ ಜಾಸ್ತಿ ಹಾಕಿರಲಿಲ್ಲ. ಹುರಿದ ಧನಿಯ, ಚಕ್ಕೆ, ಲವಂಗ, ಬೆಳ್ಳುಳ್ಳಿ ಅಷ್ಟೇ ನಾಲಗೆಗೆ ಸಿಕ್ಕಿದ್ದು. ಮುದ್ದೆ ಬಿಸಿ ಅಂದರೆ ಬೆರಳು ಇಡೋಕಾಗದಷ್ಟು ಬಿಸಿ, ಒಂದು ಗಂಟೂ ಇಲ್ಲ. "ನುಂಗಪ್ಪ, ಅಗೀಬೇಡ" ಅಂತ ಆ ಅಮ್ಮ ನನ್ನ ತಮ್ಮನಿಗೆ ಹೇಳಿಕೊಟ್ಟರು. ಬೆಂಗಳೂರಿನಲ್ಲೇ ಬೆಳೆದವನು ಅವನು. ಎರಡನೇ ಮುದ್ದೆಯನ್ನು ಅವನೇ ಕೇಳಿ ಹಾಕಿಸಿಕೊಂಡ. ಜೊತೆಗೆ ಹಸಿ ಈರುಳ್ಳಿ, ಹುರಿದ ಕಳ್ಳೇಕಾಯಿ ಬೀಜದ ಚಟ್ನಿ, ಕೊನೆಗೆ ಅನ್ನ ಮಜ್ಜಿಗೆ. ಒಬ್ಬರಿಗೆ 60 ರೂಪಾಯಿ. ಮೂರು ದಿನದಲ್ಲಿ ಮೂರು ಸಲ ಅಲ್ಲೇ ತಿಂದೆವು. ತುಮಕೂರಿನ ಕ್ಯಾತ್ಸಂದ್ರದ ತಟ್ಟೆ ಇಡ್ಲಿಗೆ ದಾರಿಯಲ್ಲಿ ಎಲ್ಲರೂ ನಿಲ್ಲಿಸುತ್ತಾರೆ, ನಾವೂ ನಿಲ್ಲಿಸಿದೆವು, ಚೆನ್ನಾಗಿತ್ತು. ಆದರೆ ಈ ಊಟದ ಮುಂದೆ ಅದು ನನಗೆ ನೆನಪಾಗುವುದೇ ಇಲ್ಲ.

ಮಧ್ಯಾಹ್ನ ಹನ್ನೊಂದರಿಂದ ಮೂರೂವರೆವರೆಗೆ ಬಯಲಲ್ಲಿ ಏನೂ ಕೆಲಸವಿಲ್ಲ. ಜಿಂಕೆಗಳೂ ಮರದ ಬುಡ ಹುಡುಕಿ ಮಲಗುತ್ತವೆ. ಬಿಸಿಲು ಮೇಲಿನಿಂದ ಬಿದ್ದರೆ ಬೆನ್ನು ಮಿನುಗುತ್ತದೆ, ಕಣ್ಣು ಕತ್ತಲಲ್ಲಿ ಮುಳುಗುತ್ತದೆ. ಏಪ್ರಿಲ್ ಕೊನೆಯಲ್ಲೂ ಆಗಸ್ಟ್ ನಡುವಿನಲ್ಲೂ ಇಲ್ಲಿ ಸೂರ್ಯ ಸರಿಯಾಗಿ ನೆತ್ತಿ ಮೇಲೆ ಬರುತ್ತಾನೆ. ಆಗಂತೂ ಇನ್ನೂ ಕಷ್ಟ. ಜನವರಿಯಲ್ಲಿ ಸ್ವಲ್ಪ ದಕ್ಷಿಣಕ್ಕೆ ವಾಲಿರುವುದರಿಂದ ನಾಲ್ಕು ಗಂಟೆಗೇ ಬೆಳಕು ಮೆತ್ತಗಾಗುತ್ತದೆ.

ಸಂಜೆ ನಾಲ್ಕಕ್ಕೆ ಮತ್ತೆ ಹೋದೆವು. ವೀಕ್ಷಣಾ ಗೋಪುರ ಹತ್ತಿ ಹಿಂಡು ಎಲ್ಲಿದೆ ಅಂತ ನೋಡಿಕೊಳ್ಳಿ, ಆದರೆ ಫೋಟೊ ಅಲ್ಲಿಂದ ತೆಗೆಯಬೇಡಿ. ಮೇಲಿನಿಂದ ತೆಗೆದರೆ ಜಿಂಕೆ ನೆಲಕ್ಕೆ ಅಂಟಿದ ಹಾಗೆ ಕಾಣುತ್ತದೆ. ದಾರಿ ಬಿಟ್ಟು ಹುಲ್ಲಿನೊಳಗೆ ನಡೆಯಬೇಡಿ, ಅಲ್ಲಿ ನೆಲದಲ್ಲೇ ಗೂಡು ಮಾಡುವ ಹಕ್ಕಿಗಳಿವೆ. ಕಾರಿನ ಕಿಟಕಿಯಲ್ಲಿ ಒಂದು ಅಕ್ಕಿ ಚೀಲ ಇಟ್ಟು ಅದರ ಮೇಲೆ ಲೆನ್ಸ್ ಊರಿದರೆ ಸಾಕು. ನಾವು ಹಿಂಡಿನ ಪೂರ್ವಕ್ಕೆ ನಿಂತೆವು. ಸೂರ್ಯ ಹಿಂಡಿನ ಆಚೆ. ಒಣಗಿದ ಹುಲ್ಲೆಲ್ಲ ಬಂಗಾರ, ಗಂಡಿನ ಕೊಂಬಿನ ಸುತ್ತ ಬೆಳಕಿನ ಗೆರೆ. ಹಿಂಡು ಬೆದರಿ ಒಂದಾದ ಮೇಲೊಂದು ಗಾಳಿಗೆ ಹಾರಿತು. ಅವುಗಳ ಕಾಲಿನ ಧೂಳು ಕೂಡ ಹೊಳೆಯುತ್ತಿತ್ತು. ನನ್ನ ಕೈ ನಡುಗುತ್ತಿತ್ತು. ಅಂಥದ್ದು ನಾನು ಹಿಂದೆ ನೋಡಿರಲಿಲ್ಲ.

ಕಪ್ಪು ಪ್ರಾಣಿ ವಿಷಯದಲ್ಲಿ ಒಂದು ಮಾತು. ಬೆಳಕು ಬಿದ್ದು ಹೊಳೆಯುವ ಹುಲ್ಲಿನ ನಡುವೆ ಚಿಕ್ಕದಾಗಿ ಕಪ್ಪು ಗಂಡು ನಿಂತಿದ್ದರೆ ಕ್ಯಾಮೆರಾ ಹುಲ್ಲನ್ನು ನೋಡಿ ಫೋಟೊ ಕಪ್ಪು ಮಾಡುತ್ತದೆ. ಆಗ ಎಕ್ಸ್‌ಪೋಶರ್, ಅಂದರೆ ಫೋಟೊ ಎಷ್ಟು ಬೆಳ್ಳಗೆ ಬರಬೇಕು ಅನ್ನುವುದನ್ನು, ಸ್ವಲ್ಪ ಪ್ಲಸ್‌ಗೆ ತಿರುಗಿಸಿ. ಫ್ರೇಮ್ ತುಂಬ ಕಪ್ಪೇ ಇದ್ದರೆ ಉಲ್ಟಾ, ಮೈನಸ್. ಸೂರ್ಯ ನಿಮ್ಮ ಬೆನ್ನಿಗಿದ್ದರೆ ಮಾತ್ರ ಆ ಕಪ್ಪಿನೊಳಗಿನ ಕಂದು ಛಾಯೆ ಸಿಗುತ್ತದೆ. ಅದಕ್ಕೆ ಬೆಳಗ್ಗೆ ಪೂರ್ವದ ಕಡೆ ನಿಲ್ಲಬೇಕು, ಸಂಜೆ ಪಶ್ಚಿಮದ ಕಡೆ.

ಎರಡನೇ ದಿನ ನೆಂಟರ ಮನೆಗೆ ಹೋಯಿತು. ಆ ರಾತ್ರಿಯೇ ಲಾಡ್ಜಿನ ಬೀಗದ ಕೈ ಇಸಕೊಂಡು ಮಲಗಿದೆ. ಮೂರನೇ ದಿನ ಬೆಳಗ್ಗೆ ದಟ್ಟ ಮಂಜು. ತಮ್ಮ ವಾಪಸ್ ಹೋಗೋಣ ಅಂದ. ನಾನು ಒಪ್ಪಲಿಲ್ಲ. ಏಳೂಕಾಲಿಗೆ ಮಂಜು ತೆಳುವಾಯಿತು. ಹಾಲಿನಂಥ ಬಿಳಿಯ ನಡುವೆ ಒಂದು ಗಂಡು, ಹಿಂದೆ ಮರದ ನೆರಳಷ್ಟೇ. ಬರೀ ಹತ್ತು ನಿಮಿಷ. ಮೊಬೈಲಿನಲ್ಲಿ ತಮ್ಮ ತೆಗೆದ ಒಂದು ಫೋಟೊ ನಮ್ಮ ಮನೆ ಗೋಡೆ ಮೇಲಿದೆ. ಮಂಜಿದ್ದರೆ ವಾಪಸ್ ಬರಬೇಡಿ, ಕಾಯಿರಿ.

ಅಲ್ಲಿಂದಲೇ ಶಿರಾ ತಾಲ್ಲೂಕಿನ ಕಗ್ಗಲಡುಗೆ ಹೋಗುವ ಯೋಚನೆ ಇದ್ದರೆ ಬೇರೆ ದಿನ ಇಟ್ಟುಕೊಳ್ಳಿ. ಊರೊಳಗಿನ ಹುಣಸೆ ಮರಗಳಲ್ಲಿ ಬಣ್ಣದ ಕೊಕ್ಕರೆಗಳು ಗೂಡು ಕಟ್ಟುವ ಜಾಗ ಅದು. ಅಲ್ಲಿ ಸಮಸ್ಯೆ ತಲೆಕೆಳಗು. ಬಿಳಿ ಹಕ್ಕಿ, ಹಿಂದೆ ಕಪ್ಪು ಎಲೆ. ಎಂಟೂವರೆ ದಾಟಿದರೆ ರೆಕ್ಕೆಯ ಬಿಳುಪು ಸುಟ್ಟು ಹೋಗುತ್ತದೆ, ಮೈನಸ್ ಇಟ್ಟರೂ ಕಷ್ಟ. ತೆಳು ಮೋಡ ಇರುವ ದಿನ ಸಿಕ್ಕರೆ ಅದೇ ಒಳ್ಳೆಯದು.

ಭಾನುವಾರ ಬೇಡ. ನಾವು ಹೋದ ಭಾನುವಾರ ಬಯಲಿನ ಪಕ್ಕ ಆರು ಕಾರು, ಒಂದರಲ್ಲಿ ಜೋರು ಹಾಡು. ನನಗಂತೂ ಆಗಲಿಲ್ಲ, ಜಿಂಕೆಗಳಿಗೂ ಆಗಲಿಲ್ಲ. ಮಂಗಳವಾರ ಬೆಳಗ್ಗೆ ನಾವಿಬ್ಬರೇ. ಹೋಗುವ ಮುಂಚೆ ಮಧುಗಿರಿ ವಲಯ ಅರಣ್ಯಾಧಿಕಾರಿ ಕಚೇರಿಯಲ್ಲಿ ಅನುಮತಿ ಕೇಳಿಕೊಳ್ಳಿ. ನೀರು, ಟೋಪಿ ಇರಲಿ. ಮತ್ತೆ ಆ ಮುದ್ದೆ ಹೋಟೆಲಿಗೆ ಒಂದು ಗಂಟೆಯೊಳಗೆ ಹೋಗಿ, ಆಮೇಲೆ ಅವರೆಕಾಳು ಸಾರು ಉಳಿದಿರುವುದಿಲ್ಲ.