ನೀವು, ನೀನು

2025 ಆಗಸ್ಟ್ 19, ಮಂಗಳವಾರ. ರಾತ್ರಿ 11.

ಮಳೆ ಇನ್ನೂ ಬಿಟ್ಟಿಲ್ಲ. ಅತ್ತಿಗೆ ಎರಡು ಸಲ ಫೋನ್ ಮಾಡಿದ್ದರು. ನಾಳೆ ಮಾತಾಡ್ತೀನಿ ಅಂದೆ.

ಕ್ಲಾಸಿನಲ್ಲಿ ಶೇಕ್ಸ್‌ಪಿಯರ್‌ನ ಹ್ಯಾಮ್ಲೆಟ್ ನಾಟಕ ಇವತ್ತು ಮುಗಿಯಿತು. ಎಂದಿನಂತೆ ಸಾಲು ಓದುವುದು, ಕನ್ನಡದಲ್ಲಿ ಹೇಳುವುದು. ಬೆಲ್ ಹೊಡೆದು ಎಲ್ಲರೂ ಎದ್ದು ಹೋದ ಮೇಲೆ ಕಿಟಕಿ ಪಕ್ಕದ ಹುಡುಗ ಮಾತ್ರ ಉಳಿದ. ಒದ್ದೆ ಕೊಡೆಯ ಗುಂಡಿಯನ್ನು ಹಾಕುತ್ತಾ ಬಿಚ್ಚುತ್ತಾ ನಿಂತಿದ್ದ.

"ಮೇಡಂ, ಹೊರೇಷಿಯೋ ಯಾವಾಗಲೂ ಹ್ಯಾಮ್ಲೆಟ್‌ಗೆ ನೀವು ಅಂತಾನಲ್ಲ, ಉಸಿರು ಹೋದ ಮೇಲೆ ನೀನು ಅಂದುಬಿಟ್ಟ. ಯಾಕೆ?"

ನನ್ನ ಬಾಯಿಂದಲೇ ಬಂದಿದ್ದ ಮಾತು, ನನಗೇ ಕೇಳಿಸಿರಲಿಲ್ಲ. "ಆಗಿನ ಕಾಲದ ರೂಢಿ ಕಣೋ. ಅವನು ರಾಜಕುಮಾರ, ಇವನು ಸ್ನೇಹಿತ, ಅಷ್ಟೇ" ಅಂದೆ.

"ಅಷ್ಟೇನಾ ಮೇಡಂ?"

"ಅಷ್ಟೇ."

ಕೊಡೆ ಬಿಚ್ಚದೆಯೇ ಅಂಗಳ ದಾಟಿ ಹೋದ.

ಊಟ ಸೇರಲಿಲ್ಲ. ಪುಸ್ತಕ ತೆಗೆದು ಹೊರೇಷಿಯೋನ ಮಾತುಗಳನ್ನಷ್ಟೇ ಮೊದಲಿಂದ ಓದಿದೆ. ಹುಡುಗ ಹೇಳಿದ್ದು ನಿಜ. ಆಗಿನ ಇಂಗ್ಲಿಷಿನಲ್ಲಿ ನಮ್ಮ ನೀವುಗೆ you, ನೀನುಗೆ thou, thee. ವಿಟೆನ್‌ಬರ್ಗ್‌ನಿಂದ ಬಂದವನು "ನಿಮ್ಮ ಬಡ ಸೇವಕ" ಅಂತ ಶುರುಮಾಡುತ್ತಾನೆ. ಕತ್ತಿವರಸೆಗೆ ಮುಂಚೆ ಹ್ಯಾಮ್ಲೆಟ್ "ಎದೆಯಲ್ಲಿ ಏನೋ ಸರಿಯಿಲ್ಲ" ಅಂದಾಗಲೂ, ನಿಮ್ಮ ಮನಸ್ಸು ಬೇಡ ಅಂದರೆ ಅದರ ಮಾತು ಕೇಳಿ, ನಾನೇ ಹೋಗಿ ತಡೆಯುತ್ತೇನೆ ಅನ್ನುತ್ತಾನೆ. ಆಗಲೂ ನೀವು. ಕೊನೆಗೆ ವಿಷದ ಬಟ್ಟಲಲ್ಲಿ ಉಳಿದದ್ದನ್ನು ತಾನೂ ಕುಡಿಯಹೋಗುತ್ತಾನೆ. ಸಾಯುತ್ತಿರುವವನು ಅದನ್ನು ಕಿತ್ತುಕೊಳ್ಳಬೇಕಾಗುತ್ತದೆ. ಪ್ರಾಣ ಹೋದ ಮೇಲೆ "ಶುಭರಾತ್ರಿ, ನನ್ನ ಮುದ್ದು ರಾಜಕುಮಾರ." ಆಮೇಲೆ ಆ ನೀನು. ದೇವತೆಗಳು ಹಾಡಿ ನಿನ್ನನ್ನು ಮಲಗಿಸಲಿ ಅಂತ.

ಅಂತಸ್ತಿನ ಲೆಕ್ಕ ನನಗೂ ಗೊತ್ತು. ಆ ಕಾಲದ ಗೆಳೆಯರು ನಮಗಿಂತ ಧಾರಾಳವಾಗಿ ಪ್ರೀತಿಯ ಮಾತಾಡುತ್ತಿದ್ದರು ಅನ್ನುವುದೂ ಗೊತ್ತು. ಆದರೂ ಆ ಒಂದು ಪದಕ್ಕೆ ಅವನು ಅಷ್ಟು ದಿನ ಕಾದಿದ್ದ ಅನ್ನಿಸುತ್ತಿದೆ. ಇದನ್ನು ಕೇಳಿಸಿಕೊಳ್ಳಲು ಕನ್ನಡದ ಕಿವಿಗಿಂತ ಒಳ್ಳೆಯ ಕಿವಿ ಬೇಕಾ? ನೀವು ಇಂದ ನೀನುಗೆ ಬರುವಷ್ಟರಲ್ಲಿ ನಮ್ಮಲ್ಲಿ ಏನೇನು ಆಗಿರುತ್ತದೆ!

ಹ್ಯಾಮ್ಲೆಟ್ಟೂ ಹೇಳದೆ ಬಿಟ್ಟವನೇ. ಮೂರನೇ ಅಂಕದಲ್ಲಿ, ನಾಟಕದೊಳಗಿನ ನಾಟಕ ಶುರುವಾಗುವ ಮುಂಚೆ ಇಬ್ಬರೇ ಇರುತ್ತಾರೆ. ನಿನ್ನನ್ನು ಎದೆಯೊಳಗಿನ ಎದೆಯಲ್ಲಿ ಇಟ್ಟುಕೊಂಡಿದ್ದೇನೆ ಅನ್ನುತ್ತಾನೆ. ತಕ್ಷಣ, ಇದು ಅತಿಯಾಯಿತು ಅಂತ ಮಾತು ಬದಲಾಯಿಸಿ ಚಿಕ್ಕಪ್ಪನ ವಿಷಯಕ್ಕೆ ಹೋಗುತ್ತಾನೆ.

ನನ್ನ ಮದುವೆಯ ಹಿಂದಿನ ರಾತ್ರಿ ಅವಳು ಜಡೆ ಹೆಣೆಯುತ್ತಿದ್ದಳು. ಹಾಸ್ಟೆಲ್ಲಿನಲ್ಲಿ ಮೂರು ವರ್ಷ ಹೆಣೆದ ಕೈ. ಅರ್ಧಕ್ಕೆ ನಿಲ್ಲಿಸಿ "ಒಂದು ಮಾತು..." ಅಂದಳು. ನಾನು ತಿರುಗಿ ನೋಡಿದೆ. "ಹೇರ್‌ಪಿನ್ ಎಲ್ಲಿಟ್ಟೆ?" ಅಂತ ಕೇಳಿದಳು. ಕೊಟ್ಟೆ.

ಕಡಲ್ಗಳ್ಳರ ಕೈಗೆ ಸಿಕ್ಕಾಗ ಹ್ಯಾಮ್ಲೆಟ್ ಹೊರೇಷಿಯೋಗೆ ಬರೆದ ಪತ್ರವನ್ನೂ ಈಗ ನೋಡಿದೆ. ತಾನು ಪ್ರೀತಿಸಿದ ಒಫೀಲಿಯಾಗೆ ಬರೆಯುವಾಗ ಹ್ಯಾಮ್ಲೆಟ್, ನಕ್ಷತ್ರಗಳನ್ನು ಬೇಕಾದರೆ ಅನುಮಾನಿಸು, ನನ್ನ ಪ್ರೀತಿಯನ್ನಲ್ಲ ಅಂತ ಅಂಗಲಾಚುತ್ತಾನೆ. ಹೊರೇಷಿಯೋಗೆ ಹಾಗೇನಿಲ್ಲ. ಸಾವಿನಿಂದ ಓಡುವಷ್ಟು ಬೇಗ ಬಾ ಅಂದು, "ನಿನ್ನವನೆಂದು ನೀನು ಬಲ್ಲ ಹ್ಯಾಮ್ಲೆಟ್" ಅಂತ ಮುಗಿಸುತ್ತಾನೆ. ಒಬ್ಬಳಿಗೆ ನಂಬು ಅಂತ ಹೇಳಬೇಕು, ಇನ್ನೊಬ್ಬನಿಗೆ ಗೊತ್ತು. ಓದಿ ಕಣ್ಣು ತುಂಬಿಬಂತು.

ಸಾಯುವಾಗ ನನ್ನ ಕಥೆ ಹೇಳು ಅಂತ ಕೇಳಿಕೊಂಡಿದ್ದನಲ್ಲ, ಹೊರೇಷಿಯೋ ಹೇಳಲು ಹೊರಡುತ್ತಾನೆ. ಕೊಲೆ, ಮೋಸ, ಗುರಿ ತಪ್ಪಿದ ಸಂಚು, ಎಲ್ಲ ಇದೆ ಆ ಪಟ್ಟಿಯಲ್ಲಿ. ತನ್ನದೊಂದೂ ಇಲ್ಲ.

ಆ ಹುಡುಗನ ಜೊತೆ ಯಾವಾಗಲೂ ಕೂರುತ್ತಿದ್ದವನು ಈ ಸೆಮಿಸ್ಟರ್ ಟಿಸಿ ತಗೊಂಡು ಹೋದ. ಆ ಬೆಂಚಿನಲ್ಲಿ ಈಗ ಇವನೊಬ್ಬನೇ. ದಿನಾ ಕಣ್ಣಿಗೆ ಬೀಳುತ್ತಿತ್ತು. "ಅಷ್ಟೇ" ಅಂದುಬಿಟ್ಟೆನಲ್ಲ.

ನಾಳೆ ಮೂರನೇ ಪೀರಿಯಡ್ ಅವರದ್ದೇ. ಆಮೇಲೆ ಲೈಬ್ರರಿಗೆ ಕರೆಯಬೇಕು. ಮೊದಲು ಆ "ಅಷ್ಟೇ"ಯನ್ನು ವಾಪಸ್ ತಗೋಬೇಕು. ಆಮೇಲೆ ಪತ್ರದ ಕೊನೆಯ ಸಾಲನ್ನು ಅವನ ಕೈಲೇ ಓದಿಸಿ, ಅವನು ಏನಾದರೂ ಹೇಳಿದರೆ