ತಿಪ್ಪೆ ಕಳಿಯಲಿ, ಆಮೇಲೆ ಹೊಲಕ್ಕೆ

ಕೋಲಾರದ ಕಡೆ ಮುಂಗಾರು ಮೋಡ ಕಂಡ ಕೂಡಲೇ ಹಸಿ ಸಗಣಿಯನ್ನೇ ಟ್ರ್ಯಾಕ್ಟರಿಗೆ ತುಂಬಿ ಹೊಲಕ್ಕೆ ಹೊಡೆಯುತ್ತಾರೆ. ದಯವಿಟ್ಟು ಬೇಡ. ಅದರ ಜೊತೆ ಬೇರು ತಿನ್ನುವ ಗೊಣ್ಣೆಹುಳು, ಕಳೆಬೀಜ ಎರಡೂ ಹೊಲ ಸೇರುತ್ತವೆ. ಅರೆಕೊಳೆತ ಹುಲ್ಲು ಮಣ್ಣಿನ ಸಾರಜನಕವನ್ನೇ ಎಳೆದುಕೊಂಡು ರಾಗಿ ಪೈರು ಹಳದಿಯಾಗುತ್ತದೆ. ಆಗ ಯೂರಿಯಾ ಚೀಲಕ್ಕೆ ಮತ್ತೆ ದುಡ್ಡು.

ತಿಪ್ಪೆ ನೆರಳಲ್ಲಿರಲಿ, ತಿಂಗಳಿಗೊಮ್ಮೆ ಮಗುಚಿ. ಒಳಗಿಂದ ಒಂದು ಹಿಡಿ ತೆಗೆದು ಹಿಂಡಿದರೆ ಕೈ ಒದ್ದೆಯಾಗಬೇಕು, ನೀರು ತೊಟ್ಟಿಕ್ಕಬಾರದು. ಒಣಗಿದರೆ ಗೆದ್ದಲು, ನೀರು ನಿಂತರೆ ನಾತ. ಮೂರ್ನಾಲ್ಕು ತಿಂಗಳಿಗೆ ಕಪ್ಪಗೆ ಪುಡಿಪುಡಿಯಾಗಿ, ಮಳೆ ಬಿದ್ದ ಮಣ್ಣಿನ ವಾಸನೆ ಬಂದರೆ ಕಳಿತಿದೆ ಅಂತ. ಮಳೆಯಾಶ್ರಿತ ರಾಗಿಗೆ ಎಕರೆಗೆ 3 ಟನ್, ಬಿತ್ತನೆಗೆ 2–3 ವಾರ ಮೊದಲು. ಹರಡಿದ ದಿನವೇ ಉತ್ತು ಮಣ್ಣಿಗೆ ಸೇರಿಸಿ. ಗುಡ್ಡೆ ಗುಡ್ಡೆಯಾಗಿ ಬಿಸಿಲಿಗೆ ಬಿಟ್ಟರೆ ಸಾರಜನಕ ಗಾಳಿಪಾಲು.

ಟೊಮೆಟೊ ಹಾಕುವವರು 100 ಕೆಜಿ ಕಳಿತ ಗೊಬ್ಬರಕ್ಕೆ 1 ಕೆಜಿ ಟ್ರೈಕೊಡರ್ಮಾ (ಬೇರಿನ ರೋಗ ತಡೆಯುವ ಮಿತ್ರಶಿಲೀಂಧ್ರದ ಪುಡಿ) ಬೆರೆಸಿ, ಒದ್ದೆ ಗೋಣಿಚೀಲ ಮುಚ್ಚಿ ವಾರವಿಡೀ ನೆರಳಲ್ಲಿಡಿ. ಈ ಗೊಬ್ಬರ ಹಾಕಿದ ಸಾಲಿಗೆ ಶಿಲೀಂಧ್ರನಾಶಕ ಕಾರ್ಬೆಂಡಜಿಮ್ ಸುರಿದರೆ ಟ್ರೈಕೊಡರ್ಮಾ ಸಾಯುತ್ತದೆ.

ನಮ್ಮ ಕೆಂಪು ಮಣ್ಣು ನೀರು ಹಿಡಿಯುವುದು ಕಡಿಮೆ. ಮಳೆ ಕೈಕೊಟ್ಟ ದಿನಗಳಲ್ಲಿ ಪೈರು ಉಸಿರು ಹಿಡಿಯುವುದು ಈ ಗೊಬ್ಬರದ ಪಸೆಯಲ್ಲೇ. ಹೀಗಿರುವಾಗ ಕೊಟ್ಟಿಗೆಯ ಗಂಜಲ ಚರಂಡಿಗೆ ಹರಿಯುವುದನ್ನು ನೋಡಿದರೆ ಸಂಕಟವಾಗುತ್ತದೆ. ಒಂದು ಗುಂಡಿ ತೋಡಿ ಹಿಡಿದು, ತಿಪ್ಪೆಗೇ ಸುರಿಯಿರಿ.